ಮ್ಯಾತ್ಸ್ ಹೋದ ಸುದ್ದಿ

ಕೆಂಗೇರಿ ಉಪನಗರದಿಂದ ವಿಜಯನಗರಕ್ಕೆ ಹೊರಟಿದ್ದ ಬಸ್ಸಿನಲ್ಲಿ ಕೋಕಿಲಾ ಕಿಟಕಿಯ ಪಕ್ಕ ಕೂತಿದ್ದರು. ಮುಂದಿನ ಸೀಟಿನಲ್ಲಿ ಒಬ್ಬ ಅಪ್ಪ, ಮಗಳು. ಅಪ್ಪ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟಿದ್ದ.

“ಭಾಷಣ ಬಾಯಿಪಾಠ ಆಯ್ತೇನಮ್ಮ ಸುಮಾ?”

“ಆಯ್ತಪ್ಪ. ಆದ್ರೆ ನಾನು ಸ್ಟೇಜ್ ಹತ್ತಲ್ಲ.”

“ಯಾಕೆ? ಟ್ರಸ್ಟಿನ ಸಾರ್ ಇವತ್ತಿನ ಫಂಕ್ಷನ್‌ನಲ್ಲಿ ನಿನ್ನನ್ನೇ ಮಾತಾಡ್ಲಿ ಅಂದವ್ರೆ. ಅವರು ಓದಿಸ್ತಿರೋ ಮಕ್ಕಳಲ್ಲಿ ಇಂಜಿನಿಯರಿಂಗ್ ಸೇರಿರೋಳು ನೀನೊಬ್ಳೇ.”

“ಮ್ಯಾತ್ಸ್ ಹೋಗಿದೆ ಅಪ್ಪ. ನಿನ್ನೆ ರಿಸಲ್ಟ್ ಬಂತು.”

ಯಾರದೋ ಮಗಳ ಪರೀಕ್ಷೆ, ಆದರೂ ಕೋಕಿಲಾ ಮುಂದಕ್ಕೆ ಬಾಗಿ ಕಿವಿಗೊಟ್ಟರು.

“ಪಿಯುಸೀಲಿ ನೀನು ತೊಂಬತ್ತೈದು ತೆಗ್ದಿದ್ದೆ ಕಣೇ!”

“ಅಲ್ಲಿ ಅರ್ಥ ಆಗ್ದಿದ್ರೆ ಕನ್ನಡದಲ್ಲಿ ಹೇಳ್ಕೊಡ್ತಿದ್ರು. ಇಲ್ಲಿ ಎಲ್ರೂ ಇಂಗ್ಲಿಷಲ್ಲೇ ಕೇಳ್ತಾರೆ. ಕೈ ಎತ್ತಕ್ಕೇ ಭಯ ಆಗಿ, ವರ್ಷಪೂರ್ತಿ ಹಿಂದಿನ ಬೆಂಚಲ್ಲಿ ಕೂತೆ.”

“ಅವರು ಓದ್ಸೋದೇ ನಿಲ್ಲಿಸ್ಬಿಟ್ರೆ?”

“ಗೊತ್ತಿಲ್ಲ. ಇದನ್ನ ಮುಚ್ಚಿಟ್ಟು ಮೈಕ್ ಮುಂದೆ ಥ್ಯಾಂಕ್ಸ್ ಹೇಳಕ್ಕೆ ನನ್ ಕೈಲಾಗಲ್ಲ.”

“ಹೋಗ್ತಿದ್ದಂಗೆ ಸಾರ್‌ಗೆ ನಾನೇ ಹೇಳ್ತೀನಿ ಬಿಡು.”

“ಬೇಡ, ನಾನೇ ಹೇಳ್ಬೇಕು. ನೀನು ಪಕ್ಕದಲ್ಲಿ ನಿಂತ್ಕೋ, ಸಾಕು.”

ಅತ್ತಿಗುಪ್ಪೆ ಬಂತು. ಅಪ್ಪ ಎದ್ದು ಬಾಗಿಲ ಹತ್ತಿರ ಹೋದ. ಮಗಳು ಸೀಟಿನ ಕಂಬಿ ಹಿಡಿದು ಅಲ್ಲೇ ನಿಂತಿದ್ದಳು.

“ಅಪ್ಪ, ಎಲ್ರ ಮುಂದೆ ಬೈದ್ಬಿಟ್ರೆ?”

“ಬೈದ್ರೆ ಇಬ್ರೂ ಬೈಸ್ಕೊಳ್ಳೋಣ. ಇಳಿ, ಬಸ್ ಹೊರಡ್ತದೆ.”

ಮಗಳು ಇಳಿದಳು.