ನೋವಾ ಎಂದರೆ ಹೊಸದು

ರಿಪೇರಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕನ್ನು ಲೆಕ್ಕಿಸದೆ, ದಾದರಿನಲ್ಲಿ ಲೋಕಲ್ ಬದಲಿಸಿ ಬಂದಿರುವ ಮುಖ್ಯ ಅತಿಥಿ ದೇವಾನಂದ ಅವರೇ, ‘ಹತ್ತೇ ನಿಮಿಷ’ ಎಂದು ಕಣ್ಣಲ್ಲೇ ಎಚ್ಚರಿಸಿ ನನಗೆ ಮೈಕು ಕೊಟ್ಟ ಅಧ್ಯಕ್ಷೆ ಶೀಲಾವತಿಯವರೇ, ನಮ್ಮ ಆಂಟಾಪ್ ಹಿಲ್ ಮಹಿಳಾ ಮಂಡಳಿಯ ಅಕ್ಕತಂಗಿಯರೇ, ಅಡುಗೆಯ ವಾಸನೆ ಬರುವ ಬಾಗಿಲಿನ ಕಡೆಗೇ ಮುಖ ಮಾಡಿ ಕುಳಿತಿರುವ ಸಭಿಕರೇ,

ಈ ವಾರ್ಷಿಕೋತ್ಸವಕ್ಕೆ ನನಗೆ ಕೊಟ್ಟ ವಿಷಯ ‘ಜಗತ್ತಿನ ಮಕ್ಕಳ ಹೆಸರುಗಳು: ಅರ್ಥ ಮತ್ತು ಮೂಲ’. ಇಡೀ ಜಗತ್ತನ್ನು ಊಟಕ್ಕೆ ಮೊದಲು ಮುಗಿಸಬೇಕು. ಹೆಸರು, ಉಸಿರು, ಕೆಸರು, ಮೊಸರು. ಪ್ರಾಸಕ್ಕೆ ನಮ್ಮ ಭಾಷೆಯಲ್ಲಿ ಬರವಿಲ್ಲ. ಮೊಸರು ಇನ್ನೂ ಬಂದಿಲ್ಲವಂತೆ, ಆದ್ದರಿಂದ ಅವಸರವೂ ಇಲ್ಲ.

ಮೊದಲು ನನ್ನಿಂದಲೇ ಆರಂಭಿಸುತ್ತೇನೆ. ನನ್ನ ಹೆಸರು ಸೇವಂತಿ. ಅರ್ಥ ಹೇಳಬೇಕಾಗಿಲ್ಲ, ದಾದರಿನ ಹೂಮಾರ್ಕೆಟ್ಟಿನಲ್ಲಿ ಕಿಲೋಗಟ್ಟಲೆ ಸಿಗುತ್ತೇನೆ. ಧಾರವಾಡದಲ್ಲಿ ಬಿ.ಎ. ಓದುವಾಗಲೇ ನನಗೆ ಹೆಸರು ಕೂಡಿಹಾಕುವ ಚಟ ಹತ್ತಿತ್ತು. ಸ್ವಂತಕ್ಕೆ ಬಳಸುವ ಸಂದರ್ಭ ಬರಲಿಲ್ಲ. ಹಾಗಾಗಿ ಬಿಲ್ಡಿಂಗಿನವರಿಗೆಲ್ಲ ಹಂಚಿದೆ. ಒಂದನ್ನು ಮಾತ್ರ ಇಟ್ಟುಕೊಂಡೆ. ಅದಿರಲಿ.

ಘಾನಾ ದೇಶದಲ್ಲಿ ಶುಕ್ರವಾರ ಹುಟ್ಟಿದ ಗಂಡುಮಗುವಿಗೆ ಕೋಫಿ ಎನ್ನುವುದುಂಟು. ನಗಬೇಡಿ, ನಮ್ಮಲ್ಲಿ ಸೋಮಪ್ಪ, ಮಂಗಳವ್ವ ಇಲ್ಲವೇ? ಹವಾಯಿ ದ್ವೀಪದಲ್ಲಿ ಕೈ ಎಂದರೆ ಕಡಲು. ನಮ್ಮಲ್ಲಿ ಕೈ ಎಂದರೆ ಕೈ. ಗ್ರೀಕರ ಫಿಲಿಪ್ ಎಂದರೆ ಕುದುರೆಪ್ರಿಯ. ಕುದುರೆಯ ಮುಖ ನೋಡದ ಫಿಲಿಪ್ಪರು ವಿಲೆ ಪಾರ್ಲೆಯಲ್ಲೇ ಎಷ್ಟಿಲ್ಲ? ಲ್ಯಾಟಿನ್ನಿನಲ್ಲಿ ನೋವಾ ಎಂದರೆ ಹೊಸದು. ಈ ಕೊನೆಯ ಹೆಸರು ನಮ್ಮ ಮನೆಗೇ ಬಂದುಬಿಟ್ಟಿತು.

ನನ್ನ ತಮ್ಮ ಚೇತನನ ಹೆಂಡತಿ ಶೀತಲ್ ಹುಟ್ಟಿ ಬೆಳೆದದ್ದು ಪಾರ್ಲೆಯಲ್ಲಿ. ಅವಳ ಕನ್ನಡ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್. ಮಗಳು ಹುಟ್ಟಿದಾಗ ಫೋನಿನಲ್ಲಿ ಹುಡುಕಿ ಹುಡುಕಿ ಒಂದು ಹೆಸರು ಆರಿಸಿ, ನಮ್ಮ ಅವ್ವನ ಮುಂದೆ ಬಂದು ನಿಂತಳು.

‘ಆಯಿ, ನೋವಾ?’

ನಮ್ಮ ಅವ್ವ ಮಲ್ಲವ್ವನಿಗೆ ಮಂಡಿನೋವು ಬಹಳ. ‘ಹ್ಞೂಂ ಬಾ, ಎಡಗಾಲಾಗ ಭಾಳ ಐತಿ. ಮುಲಾಮ ಎಲ್ಲಿಟ್ಟೀದಿ?’

‘ಅಯ್ಯೋ, ಮುಲಾಮ್ ನಹೀಂ ಆಯಿ! ಬೇಬಿ ಹೆಸರು. ನೋವಾ ಅಂದ್ರೆ ನ್ಯೂ. ಕಿತೀ ಛಾನ್, ಎಷ್ಟು ಚಂದ ನಾ?’

ಅವ್ವ ಮಂಡಿ ತಿಕ್ಕುವುದನ್ನು ನಿಲ್ಲಿಸಿ ಹೇಳಿದಳು: ‘ಜಲ್ಮ ಎಲ್ಲಾ ನೋವ ತಿಂದೇನಿ. ಈಗ ಅದನ್ನ ತೊಟ್ಲಾಗ ಹಾಕಿ ತೂಗ್ಲೇನ? ನಮ್ಮತ್ತಿ ಹೆಸರು ಇಡ್ರಿ, ಗುರುಬಾಯಿ ಅಂತ. ಇಲ್ಲಂದ್ರ ನಾ ತೊಟ್ಲ ಹಗ್ಗ ಮುಟ್ಟೂದಿಲ್ಲ.’

‘ಗುರುಬಾಯಿ? ಬಾಂಬೇದಲ್ಲಿ ಬಾಯಿ ಅಂದ್ರೆ ಭಾಂಡಿ ತಿಕ್ಕೋರು ಆಯಿ! ಸ್ಕೂಲಲ್ಲಿ ಮಕ್ಕಳು ನಗ್ತಾರೆ.’

‘ನಗಲಿ. ಅತ್ತಿದ್ದು ಸಾಕು.’

ನಾನು ವಿದ್ವತ್ತು ತೋರಿಸಿದೆ. ಸ್ಪೇನಿನಲ್ಲಿ ಡೊಲೊರೆಸ್ ಎಂಬ ಹೆಸರಿದೆ, ಅದರ ಅರ್ಥವೇ ನೋವುಗಳು, ಒಂದಲ್ಲ ಹಲವು, ಆದರೂ ಅಲ್ಲಿನ ಜನ ಹೆಣ್ಣುಮಕ್ಕಳಿಗೆ ಇಡುತ್ತಾರೆ ಎಂದೆ. ‘ಅವ್ರ ಮಂಡಿ ಅವ್ರಿಗೆ’ ಎಂದಳು ಅವ್ವ.

ಅತ್ತೆ ಸೊಸೆ ಮಾತು ಬಿಟ್ಟರು. ಚೇತನ ನನ್ನನ್ನು ಹೊರಗೆ ಗ್ಯಾಲರಿಗೆ ಕರೆದ. ‘ಅಕ್ಕಾ, ನೀನ ಏನಾರ ಮಾಡು. ಹಿಂಗ ನಡದ್ರ ನಾವು ಪಾರ್ಲಾದಾಗ ಬ್ಯಾರೆ ಮನಿ ನೋಡತೇವಿ.’ ಅವರು ಹೋದರೆ ಮನೆಯಲ್ಲಿ ಉಳಿಯುವುದು ಅವ್ವ, ನಾನು ಮತ್ತು ಮುಲಾಮು.

ನಾನೇ ಏಕೆ? ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ತೊಟ್ಟಿಲಲ್ಲಿ ಹಾಕಿದ ಕೂಸಿನ ಕಿವಿಯಲ್ಲಿ ಸೋದರತ್ತೆ ‘ಕುರ್ರ್’ ಎಂದು ಹೆಸರು ಹೇಳಬೇಕು. ಆಗ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಏಕೆ ಗುದ್ದಬೇಕು? ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಯಾರೂ ಕಡಿಮೆ ಗುದ್ದುವುದಿಲ್ಲ.

ಆ ದಿನ ಬಗ್ಗಿದೆ. ‘ಕುರ್ರ್’ ಎಂದೆ. ಹಗ್ಗ ಮುಟ್ಟುವುದಿಲ್ಲ ಎಂದಿದ್ದ ಅವ್ವ ನನ್ನ ಬೆನ್ನು ಮುಟ್ಟುವುದಿಲ್ಲ ಎಂದೇನೂ ಹೇಳಿರಲಿಲ್ಲ. ಮೊದಲ ಗುದ್ದು ಅವಳದೇ. ನನ್ನ ಉಸಿರು ನಿಂತಿತು, ಹೆಸರು ಗಂಟಲಲ್ಲೇ ಕುಂತಿತು. ಕೂಸು ಅತ್ತಿತು, ಹೆಂಗಸರು ನಕ್ಕರು, ಸಕ್ಕರೆ ಹಂಚಿದರು, ಕಾರ್ಯಕ್ರಮ ಮುಗಿಯಿತು. ತಾನು ಆರಿಸಿದ ಹೆಸರನ್ನೇ ಹೇಳಿದ್ದೇನೆಂದು ಶೀತಲ್ ತಿಳಿದಳು. ತನ್ನ ಗುರುಬಾಯಿಯನ್ನೇ ಹೇಳಿದ್ದೇನೆಂದು ಅವ್ವ ತಿಳಿದಳು. ನಾನು ಯಾರನ್ನೂ ತಿದ್ದಲಿಲ್ಲ. ಹಾಗಾದರೆ ಯಾವುದನ್ನು ಹೇಳಬೇಕೆಂದಿದ್ದೆ? ಎರಡೂ ಅಲ್ಲ ಎಂದಷ್ಟೇ ಹೇಳಬಲ್ಲೆ. ಅದು ಈ ದಿನದ ವಿಷಯವಲ್ಲ.

ಆದರೆ ಶೀತಲ್ ಜನನದ ಕಾಗದದಲ್ಲಿ ಬರೆಸಿದ್ದು ನೋವಾ. ಆ ಸಿಟ್ಟಿಗೆ ಅವ್ವನ ಬಾಯಲ್ಲಿ ಬರೀ ‘ಕೂಸು’. ಬೇರೆ ಮನೆಯ ಮಾತು ಮಳೆಗಾಲ ಕಳೆಯಲಿ, ಗಣಪತಿ ಕಳೆಯಲಿ ಎಂದು ಮುಂದೆ ಹೋಗುತ್ತಿತ್ತೇ ಹೊರತು ನಿಂತಿರಲಿಲ್ಲ. ಅಷ್ಟರಲ್ಲಿ ಕೂಸು ನಡೆಯಲು ಕಲಿಯಿತು.

ಒಂದು ಬೆಳಿಗ್ಗೆ ಅವ್ವ ಗೋಡೆ ಹಿಡಿದು ಏಳುತ್ತ, ‘ಅಯ್ಯವ್ವಾ... ನೋವಾ...’ ಎಂದು ನರಳಿದಳು. ಅಡುಗೆಮನೆಯಲ್ಲಿ ಡಬ್ಬಿ ಉರುಳಿಸುತ್ತಿದ್ದ ಕೂಸು ತನ್ನನ್ನೇ ಕರೆದರೆಂದು ತಟತಟ ಓಡಿ ಬಂದು ಅವ್ವನ ಎಡಮಂಡಿಯನ್ನು ಅಪ್ಪಿಕೊಂಡು ನಿಂತಿತು. ಅವ್ವ ಕೆಳಗೆ ನೋಡಿದಳು. ಮಧ್ಯಾಹ್ನ ಮಂಚದ ಮೇಲೆ ಆರಾಮಾಗಿ ಕುಳಿತವಳು, ಏಳುವ ಯಾವ ಲಕ್ಷಣವೂ ಇಲ್ಲದೆ, ಇನ್ನೊಮ್ಮೆ ಅಂದಳು: ‘ನೋವಾ?’

ಶೀತಲ್ ಮುಲಾಮು ಹಿಡಿದು ಓಡಿ ಬಂದಳು.

‘ನಿನ್ನ ಅಲ್ಲವ್ವಾ, ಆಕೀನ್ನ ಕರದೆ’ ಎಂದಳು ಅವ್ವ.

ಆಮೇಲೆ ನಮ್ಮ ಮನೆಯಲ್ಲಿ ಪಾರ್ಲೆಯ ಮಾತು ಎದ್ದಿಲ್ಲ. ಅವ್ವ ದಿನಕ್ಕೆ ಎಷ್ಟು ಸಲ ನೋವಾ ಎನ್ನುತ್ತಾಳೆಂದರೆ, ಪಕ್ಕದ ಮನೆಯವರು ಒಳ್ಳೆಯ ಡಾಕ್ಟರ ವಿಳಾಸ ಕೊಟ್ಟು ಹೋಗಿದ್ದಾರೆ.

ನನ್ನ ಮಂಡಿಗಳು ಸದ್ಯ ಗಟ್ಟಿಯಾಗಿವೆ. ಆದರೂ ಒಂದೊಂದು ಸಂಜೆ ಆಫೀಸಿನಿಂದ ಬಂದು, ನನ್ನ ಕೋಣೆಯಲ್ಲಿ ಕುಳಿತು, ಎಲ್ಲೂ ಏನೂ ನೋಯದಿದ್ದರೂ, ಮೆಲ್ಲಗೆ ‘ನೋವಾ’ ಎಂದು ಹೇಳಿ ನೋಡುತ್ತೇನೆ.

ಕೂಸು ಬರುತ್ತದೆ.

ಶೀಲಾವತಿಯವರು ಗಡಿಯಾರ ತೋರಿಸುತ್ತಿದ್ದಾರೆ, ಮೊಸರೂ ಬಂದಂತಿದೆ. ಹಸಿವನ್ನು ತಡೆದು ನನ್ನನ್ನು ಕೇಳಿದ ನಿಮಗೆ, ವಿಷಯ ಕೊಟ್ಟ ಮಂಡಳಿಗೆ, ವಿಷಯ ಬಿಟ್ಟು ಹೋದಾಗಲೂ ಬೆಲ್ಲು ಒತ್ತದ ಅಧ್ಯಕ್ಷರಿಗೆ ಧನ್ಯವಾದ. ಎಲ್ಲರಿಗೂ, ನಿಮ್ಮ ನಿಮ್ಮ ಹೆಸರುಗಳಿಗೂ, ನಮಸ್ಕಾರ.