ದೇವರ ಪಟದ ಹಿಂದಿನ ಬಿರುಕು

ಸಾಹುಕಾರನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಕೆಟ್ಟ ಸಾಹುಕಾರ ಅಂದುಕೊಳ್ಳಬೇಡಿ. ಪಾಪ, ಬಂಗಾರದಂಥ ಮನುಷ್ಯ. ಒಂದು ಪಟ್ಟಣದಲ್ಲಿ ಅವನದೊಂದು ವಠಾರ, ಸಾಲಾಗಿ ಆರು ಬಾಡಿಗೆ ಮನೆ. ಹಬ್ಬ ಬಂದರೆ ಆರೂ ಮನೆಗೆ ಹೋಳಿಗೆ ಕಳಿಸುವನು. ಯಾರಿಗೆ ಜ್ವರ ಬಂದರೂ ತಾನೇ ಹೋಗಿ ಮಾತ್ರೆ ತರುವನು. ಗೋಡೆ ರಿಪೇರಿಯ ಮಾತು ಎತ್ತಿದರೆ ಮಾತ್ರ "ನೋಡೋಣಂತೆ" ಅನ್ನುವನು. ಈ "ನೋಡೋಣಂತೆ" ಇದೆಯಲ್ಲ, ಅದು ನಮ್ಮೆಲ್ಲರ ಮನೆದೇವರು! ಅಲ್ಲವೇ?

ಮೂರನೇ ಮನೆಯಲ್ಲಿ ಗೌರವ್ವ ಇದ್ದಳು. ಅವಳ ನಡುಮನೆಯ ತೊಲೆ ಕೂತಿದ್ದ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು, ಬೆರಳು ತೂರುವಷ್ಟು. ಮಗಳು ಬಾಣಂತನಕ್ಕೆ ಬಂದಿದ್ದಳು. ನಾಳೆ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ತೊಟ್ಟಿಲು ಕಟ್ಟುವುದೆಲ್ಲಿ? ಅದೇ ತೊಲೆಗೆ. ಹಗ್ಗ ಕಟ್ಟುವ ಹಿರಿಯ ಯಾರು? ಸಾಹುಕಾರನೇ. ಅವನಿಗಂತೂ ತನ್ನ ಮೊಮ್ಮಗುವೇ ಅನ್ನುವಷ್ಟು ಹಿಗ್ಗು.

ಅಷ್ಟರಲ್ಲಿ ಸುದ್ದಿ ಬಂತು. ಪುರಸಭೆಯವರು ಹಳೇ ಮನೆಗಳನ್ನು ಪರೀಕ್ಷೆ ಮಾಡುತ್ತಿದ್ದಾರಂತೆ! ಸಾಹುಕಾರ ಏನು ಮಾಡಿದ ಗೊತ್ತೇ? ತನ್ನ ಪೂಜಾಕೋಣೆಯಿಂದ ಆಳೆತ್ತರದ ದೇವರ ಪಟ ತಂದು ಬಿರುಕಿನ ಮೇಲೆ ನೇತುಹಾಕಿದ. ಹಾರ ಹಾಕಿದ, ಊದುಬತ್ತಿ ಹಚ್ಚಿದ. ದೇವರ ಪಟಕ್ಕೆ ಯಾವ ಅಧಿಕಾರಿ ಕೈ ಹಾಕುತ್ತಾನೆ, ಹೇಳಿ?

ಬಂದವಳು ಒಬ್ಬ ಇಂಜಿನಿಯರಮ್ಮ. ಚಪ್ಪಲಿ ಹೊರಗೆ ಬಿಟ್ಟಳು. ಕೊಟ್ಟ ಕಾಫಿ ಕುಡಿದಳು. ಪಟದ ಮುಂದೆ ನಿಂತು ಕೈ ಮುಗಿದಳು. ಸಾಹುಕಾರ ನೆಮ್ಮದಿಯ ಉಸಿರು ಬಿಟ್ಟ. ಆಮೇಲೆ ಅವಳು, "ತಪ್ಪು ತಿಳ್ಕೋಬೇಡ ಸ್ವಾಮಿ, ಒಂಚೂರು ಈ ಕಡೆ ಬಾ" ಅಂದು, ಎರಡೂ ಕೈಯಿಂದ ಪಟ ಇಳಿಸಿ ಮಣೆಯ ಮೇಲಿಟ್ಟಳು. ಬಿರುಕಿನಿಂದ ಮರಳು ಸರಸರ ಉದುರಿತು.

"ಸಾವ್ಕಾರ್ರೇ, ಈ ಮನೆ ಇವತ್ತೇ ಖಾಲಿ ಆಗ್ಬೇಕು. ಗೋಡೆ ಕಟ್ಟಿಸಿ, ನಾನು ಬಂದು ನೋಡಿದ ಮೇಲೇ ಇವರು ಒಳಗೆ ಬರ್ಬೇಕು. ನೋಟಿಸ್ ಬರೀತೀನಿ."

"ಅಯ್ಯೋ, ನಾಳೆ ಈ ತೊಲೆಗೇ ತೊಟ್ಟಿಲು ಕಟ್ಟೋ ಶಾಸ್ತ್ರ ಇದೆಯಮ್ಮಾ! ಇಷ್ಟು ವರ್ಷ ನಿಂತ ಗೋಡೆ ನಾಳೇನೇ ಬೀಳುತ್ತಾ?"

"ಬೀಳಲ್ಲ ಅಂತೀರಾ? ಸರಿ. ತೊಟ್ಟಿಲು ಬರೋದು ಇಲ್ಲೇ ತಾನೆ? ಇಲ್ಲೇ ಚಾಪೆ ಹಾಸ್ಕೊಂಡು ಇವತ್ತು ಮಧ್ಯಾಹ್ನ ನೀವೊಂದು ನಿದ್ದೆ ತೆಗೀರಿ ನೋಡೋಣ."

ಸಾಹುಕಾರ ತಲೆ ಎತ್ತಿ ತೊಲೆ ನೋಡಿದ. ಬಾಯಿ "ಅದಕ್ಕೇನಂತೆ" ಅಂದಿತು, ಕಾಲು ಮಾತ್ರ ಹಿಂದೆ ಹಿಂದೆ ಸರಿಯಿತು. ಗೌರವ್ವ ಅದನ್ನು ನೋಡಿದಳು. "ಸಾವ್ಕಾರ್ರೇ, ನೀವು ಹೊಸ್ತಿಲೇ ದಾಟಿಬಿಟ್ರಲ್ಲ..." ಅಂದಳು. ಬೈಯಲಿಲ್ಲ ನೋಡಿ, ಅಷ್ಟೇ ಅಂದಳು.

ಅವನಿಗೆ ನಾಚಿಕೆಯಿಂದ ಅಳುವೇ ಬಂತು. ಅವಳು ಬರೆದುಕೊಟ್ಟ ನೋಟಿಸನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ಖಾಲಿ ತೊಟ್ಟಿಲನ್ನು ತಾನೇ ಹೆಗಲಿಗೇರಿಸಿ, "ನಡಿಯವ್ವಾ, ಗೋಡೆ ಆಗೋವರೆಗೂ ನೀವೆಲ್ಲ ನಮ್ಮನೇಲಿ" ಅಂದ. ಶಾಸ್ತ್ರ ಅವನ ಮನೆಯಲ್ಲೇ ಆಯಿತು. ಇಂಜಿನಿಯರಮ್ಮನನ್ನೂ ಕರೆಸಿ ತೊಟ್ಟಿಲು ತೂಗಿಸಿದರು.

ನಗುತ್ತಿದ್ದೀರಾ? ನಗಿ, ನಗಿ. ನಿಮ್ಮ ಮನೆಯ ಕ್ಯಾಲೆಂಡರ್ ಹಿಂದೆ ಏನಿದೆ ತಾಯಿ? ಬಾಡಿಗೆಮನೆಯ ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುತ್ತದೆ ಅಂತ ಬಾಡಿಗೆಯವರು ಎಷ್ಟು ಸಲ ಹೇಳಿದರು ಯಜಮಾನರೇ? ದೇವರು ಕಾಯುತ್ತಾನೆ, ನಿಜ. ಹಾಗಂತ ಗಾರೆ ಕೆಲಸವನ್ನೂ ಅವನ ತಲೆಗೆ ಕಟ್ಟುವುದೇ? ಇವತ್ತು ಮನೆಗೆ ಹೋಗಿ ಪಟ ಎತ್ತಿ ನೋಡಿ. ಪುರಸಭೆಯವರು ಬಂದರೆ ಬಾಗಿಲು ತೆರೆದು ಬಿರುಕನ್ನು ನೀವೇ ತೋರಿಸಿ. "ನೋಡೋಣಂತೆ" ಬಿಡಿ, ನಾಳೆಯೇ ಮೇಸ್ತ್ರಿಯನ್ನು ಕರೆಸಿ. ನಿಮ್ಮ ಕಾಲು ಹಿಂದೆ ಸರಿಯುವ ಜಾಗದಲ್ಲಿ ಇನ್ನೊಬ್ಬರ ಕೂಸನ್ನು ಮಲಗಿಸಬೇಡಿ.