ನೂರ್ಕೊಲ್ಲಿಯ ಮುಸುಕು

ಏಳು ಗುಡ್ಡದ ಆಚೆ ಒಂದು ಸೀಮೆ ಇತ್ತಂತೆ. ಹೆಸರು ಕೇಳಬೇಡಿ, ಅಲ್ಲಿಯವರಿಗೇ ಮರೆತಿದೆ. ಅಲ್ಲಿಯ ಕೋಟೆಯೊಳಗೆ ಒಂದು ಆಯುಧ, ನೂರ್ಕೊಲ್ಲಿ ಅಂತ. ಅರ್ಥ ಬಿಡಿಸಿ ಹೇಳಬೇಕೆ? ನೂರು ಜನರನ್ನು ಕೊಲ್ಲುವಂಥದ್ದು.

ಕಂಡವರು ಯಾರು? ರಾಜ ಕಂಡಿಲ್ಲ, ಮಂತ್ರಿ ಕಂಡಿಲ್ಲ, ಕಾವಲಿನವನೂ ಕಂಡಿಲ್ಲ. ಪ್ರತಿ ಆಯುಧಪೂಜೆಗೆ ಅದಕ್ಕೊಂದು ಹೊಸ ಮುಸುಕು. ಹಳೆಯದನ್ನು ತೆಗೆಯುವ ಹಾಗಿಲ್ಲ, ಅದರ ಮೇಲೇ ಹೊದಿಸಬೇಕು. ಹೀಗೆ ನೂರ್ಕೊಲ್ಲಿ ವರ್ಷ ವರ್ಷವೂ ದಪ್ಪಗಾಗುತ್ತಿತ್ತು. ನೆರೆರಾಜ್ಯದವರ ಭಯವೂ ಅಷ್ಟೇ.

ಒಳಗಿನದು ಬಲ್ಲವನು ಒಬ್ಬನೇ, ಕಮ್ಮಾರ ಮೋನಪ್ಪಾಚಾರಿ. ಅವನ ಮುತ್ತಾತನಿಗೆ ಆಗಿನ ರಾಜನ ಅಪ್ಪಣೆಯಾಗಿತ್ತು: ನೂರು ಜನರನ್ನು ಕೊಲ್ಲುವ ಆಯುಧ ಬೇಕು, ಹೆಸರು ನೂರ್ಕೊಲ್ಲಿ, ಹಬ್ಬದೊಳಗೆ ಆಗಬೇಕು. ಹೆಸರು ಆಗಲೇ ಸಿದ್ಧ, ಆಯುಧವೊಂದೇ ಕೊರತೆ. ಮುತ್ತಾತ ಮುರಿದ ಎಣ್ಣೆಗಾಣದ ದಿಮ್ಮಿಗೆ ಬಟ್ಟೆ ಸುತ್ತಿ ಒಪ್ಪಿಸಿದ.

ಕೇಳಿ. ಒಂದು ದಿನ ನೆರೆರಾಜ್ಯದ ದಳವಾಯಿ ಸೈನ್ಯದೊಂದಿಗೆ ಬಂದು ನಿಂತ. ನೂರ್ಕೊಲ್ಲಿ ತೋರಿಸಿ, ನಿಜವಾದರೆ ತಿರುಗಿ ಹೋಗುತ್ತೇನೆ, ಸುಳ್ಳಾದರೆ ಕೋಟೆ ನನ್ನದು ಅಂದ. ರಾಜ ಖುಷಿಯಿಂದ ಒಪ್ಪಿದ. ಅವನಿಗೇನು ಗೊತ್ತು? ಮೋನಪ್ಪಾಚಾರಿ ಕತ್ತು ಸವರಿಕೊಂಡ. ದಿಮ್ಮಿ ಹೊರಬಿದ್ದರೆ ಮೊದಲು ಉರುಳುವುದು ತನ್ನ ತಲೆಯೇ.

ನೂರ್ಕೊಲ್ಲಿಯನ್ನು ಕೋಟೆಯ ಅಂಗಳಕ್ಕೆ ತಂದಿಟ್ಟರು. ದಳವಾಯಿ ತಾನೇ ಮುಂದೆ ಬಂದು ಒಂದು ಮುಸುಕು ಎಳೆದ. ಆಚಾರಿ ಹತ್ತಿರದ ಕಂಬ ಎಲ್ಲಿದೆ ಅಂತ ನೋಡಿಕೊಂಡ. ಎರಡನೆಯದು ಎಳೆದ. ಆಚಾರಿ ಒಂದು ಹೆಜ್ಜೆ ಹಿಂದೆ ಸರಿದ. ಮೂರನೆಯದಕ್ಕೆ ಕೈಹಾಕಿದ. ಆಚಾರಿ ಸರಸರ ಹೋಗಿ ಕಂಬದ ಹಿಂದೆ ನಿಂತ.

"ಯಾಕಯ್ಯಾ ಓಡ್ತೀಯ?"

"ಏನಿಲ್ಲ ಬುದ್ಧಿ. ಇದನ್ನ ಬಿಚ್ಚೋಕೆ ಹೋಗಿ ಸತ್ತವರು ಇಲ್ಲೀವರೆಗೆ ತೊಂಬತ್ತೊಂಬತ್ತು ಜನ. ಹೆಸರು ತುಂಬೋಕೆ ಇನ್ನೊಬ್ಬರು ಬಾಕಿ. ತಾವು ಬಿಚ್ಚಿ, ನಾನು ಇಲ್ಲಿಂದ್ಲೇ ನೋಡ್ತೀನಿ."

ದಳವಾಯಿಯ ಕೈ ಮುಸುಕಿನ ಮೇಲೇ ಉಳಿಯಿತು. ನಿಮ್ಮಲ್ಲಿ ಯಾರಾದರೂ ಬನ್ನಿ ಎಂದು ಅವನು ಸೈನ್ಯದ ಕಡೆ ತಿರುಗಿದ. ಸೈನ್ಯ ತನ್ನ ಕಾಲುಗಳನ್ನು ನೋಡಿಕೊಂಡಿತು. ಕೊನೆಗೆ, ಎಳೆದಿದ್ದ ಎರಡೂ ಮುಸುಕನ್ನು ದಳವಾಯಿಯೇ ಹೊದಿಸಿ, ಅಂಚು ಸರಿಮಾಡಿ, ಕೈಮುಗಿದು ಹೊರಟುಹೋದ.

ಆಮೇಲೆ ರಾಜ ಮೆಲ್ಲಗೆ ಕೇಳಿದ, ಒಳಗೆ ನಿಜವಾಗಿ ಏನಿದೆಯೋ ಅಂತ.

"ಬಿಚ್ಚಿ ನೋಡಿ ಮಹಾಸ್ವಾಮಿ."

ರಾಜ ಮೀಸೆ ತಿರುವಿದ, ಕೆಮ್ಮಿದ, ಹೊಸ ಮುಸುಕು ತರಿಸಿದ.

ನೂರು ಜನರನ್ನು ಕೊಂದದ್ದಕ್ಕೇ ಆ ಹೆಸರು ಬಂತೆಂದು ಆ ಸೀಮೆಯ ಪಂಡಿತರು ಈಗಲೂ ಬರೆಯುತ್ತಾರೆ. ಅದು ಕೊಂದದ್ದು ಎಳ್ಳುಕಾಳನ್ನು ಮಾತ್ರ ಎಂದು ಆಚಾರಿಯ ಮನೆಯವರು ಯಾರಿಗೂ ಹೇಳಿಲ್ಲ. ಅವರು ಅಲ್ಲಿ ಮುಸುಕು ಹೊದಿಸುತ್ತಿದ್ದಾರೆ, ನಾವು ಇಲ್ಲಿ ಕಂಬಳಿ ಹೊದೆಯೋಣ.